ನಲವತ್ತೆಂಟು ಇಂಚಿನ ಬಂಗಲೆ

ಸಿಂಧನೂರಿನ ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟಿರುವ ನಮ್ಮ ಅಕ್ಕನ ಮಗನ ಮನೆಗೆ ಶಿವರಾತ್ರಿ ಮುಂದೆ ಒಂದು ಪಾರ್ಸಲ್ ಬಂತು. ಇಬ್ಬರು ಹಿಡಿದು ಇಳಿಸಿದ ಚಪ್ಪಟೆ ಡಬ್ಬಿ. ಪಕ್ಕದ ಮನೆಯವರು ದೊಡ್ಡ ಟಿವಿ ಅಂದರು. ಎದುರು ಮನೆಯ ಅಜ್ಜಿ ಕೋಳಿ ಗೂಡು ಅಂದಳು. ಬಿಚ್ಚಿ ನೋಡಿದರೆ ಕರಿ ಬಣ್ಣದ ಕಂಬಿ ಜಾಲರಿಗಳು ಒಂದರ ಮೇಲೊಂದು ಮಡಚಿಕೊಂಡು ಮಲಗಿದ್ದವು. ಎತ್ತಿ ನಿಲ್ಲಿಸಿ ಕೊಕ್ಕೆ ಹಾಕಿದ್ದೇ ತಡ, ಪಡಸಾಲೆಯ ನಟ್ಟನಡುವೆ ಒಂದು ಲಾಕಪ್ಪು ಎದ್ದು ನಿಂತಿತು.

“ಏನಪಾ ಇದು?” ಅಂದೆ.

“ಕ್ರೇಟ್, ಮಾವ.”

“ಟೊಮೇಟೊ ಹಾಕೂದಾ?”

ಅವನು ನನ್ನನ್ನು ನೋಡಿದ ನೋಟದಲ್ಲಿ ಎರಡು ತಲೆಮಾರಿನ ಅಂತರವಿತ್ತು. “ನಿನಗ ತಿಳಿಯೂದಿಲ್ಲ ಮಾವ. ನಾಯಿಗೆ ತನ್ನದ ಅಂತ ಒಂದು ಜಾಗ ಬೇಕಾಗ್ತೈತಿ. ಇದು ಅದರ ಸ್ವಂತ ರೂಮು.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ ಒಂದು ಕ್ಷಣ ನಿಂತಿತು. “ಈ ಮನಿಗೆ ಬಂದು ನನಗ ಮೂವತ್ತೆರಡು ವರ್ಷ ಆತು. ಒಂದು ಕಪಾಟು ನನ್ನದು ಅಂತ ಇಲ್ಲ,” ಎಂದು ಹಿಟ್ಟಿಗೆ ಹೇಳಿದಳು. ಬಡಿತ ಮತ್ತೆ ಶುರುವಾಯಿತು, ಈ ಸಲ ಸ್ವಲ್ಪ ಜೋರಾಗಿ.

ಆ ಸ್ವಂತ ರೂಮಿನ ಯಜಮಾನ ಇನ್ನೂ ಮೂರು ತಿಂಗಳ ಮರಿ. ಸೈಬೀರಿಯನ್ ಹಸ್ಕಿ. ಸೈಬೀರಿಯದ ಚುಕ್ಚಿ ಜನ ಹಿಮದ ಮೇಲೆ ಬಂಡಿ ಎಳೆಸಲೆಂದು ಸಾಕಿ ಬೆಳೆಸಿದ ತಳಿ. ಮೈಮೇಲೆ ಎರಡು ಪದರ ತುಪ್ಪಳ, ಕಣ್ಣು ನೀಲಿ. ಹಿಮ ಕಂಡ ನಾಯಿಯಲ್ಲವೇ, ಅದಕ್ಕೆ ‘ಸ್ನೋ’ ಎಂದು ಹೆಸರಿಟ್ಟ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಹಾಗೆ ಕರೆಯುವುದೆಂದರೆ ಒಣ ಬಾವಿಗೆ ಗಂಗವ್ವ ಎಂದು ಹೆಸರಿಟ್ಟ ಹಾಗೆ. ಅಕ್ಕನ ನಾಲಿಗೆಗೆ ಆ ‘ಸ್ನೋ’ ಹೊರಳಲಿಲ್ಲ. ‘ಸೋನಾ’ ಅಂದಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಸೋನಾ ಮಸೂರಿ ಬೆಳೆಯುವ ಊರಿನ ಬಾಯಿಗೆ ಅದಕ್ಕಿಂತ ಹತ್ತಿರದ ಹೆಸರು ಇನ್ನಾವುದಿದೆ? ನಾಯಿಯೂ ಸೋನಾ ಎಂದರೇ ಬಾಲ ಅಲ್ಲಾಡಿಸಿತು.

ನಾಯಿಯೇ ಬೇಕಿದ್ದರೆ ಮುಧೋಳ ಏನು ದೂರವೇ ಎಂದು ಕೇಳಿದೆ. ಘೋರ್ಪಡೆ ಅರಸರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ತಂದಿತು. ಸೇನೆಯವರೂ ಮರಿ ಒಯ್ದು ತರಬೇತಿ ಕೊಟ್ಟರು. ಬಯಲುಸೀಮೆಯ ಬಿಸಿಲಲ್ಲೇ ಹುಟ್ಟಿ, ಬಿಸಿಲಲ್ಲೇ ಮೊಲದ ಹಿಂದೆ ಓಡಿದ ಪ್ರಾಣಿ. ನಮ್ಮ ಹುಡುಗ ಮುಖ ಕಿವಿಚಿದ. “ಅದು ಭಾಳ ತೆಳ್ಳಗಿರ್ತೈತಿ ಮಾವ. ಮಂದಿ ನೋಡಿ ಇವರ ಮನ್ಯಾಗ ನಾಯಿಗೆ ಕೂಳು ಹಾಕೂದಿಲ್ಲ ಅಂತಾರ.”

ಇನ್ನು ಪಂಜರದ ಅಳತೆ. ಪೇಟೆಯಲ್ಲಿ ಸಿಗುವ ಕಂಬಿ ಕ್ರೇಟುಗಳು 24, 30, 36, 42, 48 ಇಂಚು ಎಂದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಪಾಮೇರಿಯನ್ ಎಂದು ನಾವು ಕರೆಯುವ ಬಿಳಿ ಕೂದಲಿನ ನಾಯಿಗೆ 24 ಸಾಕು. ದೊಡ್ಡ ಲ್ಯಾಬ್ರಡಾರಿಗೆ, ಬೆಳೆದ ಹಸ್ಕಿಗೆ 42 ಧಾರಾಳ. ನಮ್ಮವನು ತರಿಸಿದ್ದು 48. ಕಾರಣ ಕೇಳಬಾರದಿತ್ತು, ಕೇಳಿದೆ. ಪಕ್ಕದ ಓಣಿಯ ರೈಸ್‌ಮಿಲ್ಲಿನವರು 42 ತಂದಿದ್ದಾರಂತೆ. ಇದು ಸಿಂಧನೂರಿನ ಟ್ರ್ಯಾಕ್ಟರ್ ಲೆಕ್ಕ. ಪಕ್ಕದ ಹೊಲದವನು 45 ಎಚ್‌ಪಿ ತಂದರೆ ನಾವು 50 ತರಬೇಕು. ಉಳಲು ಎಕರೆ ಎಷ್ಟಿದೆ ಎಂಬುದು ಆಮೇಲಿನ ಮಾತು.

ನಾಯಿಗೆ ಈ ಲೆಕ್ಕ ತಿಳಿಯಲಿಲ್ಲ. ಮಲಗುವ ಜಾಗದಲ್ಲಿ ಹೊಲಸು ಮಾಡಬಾರದು ಎಂಬುದು ನಾಯಿ ಜಾತಿಯ ಹುಟ್ಟುಗುಣ. ಕ್ರೇಟಿನ ವಿದ್ಯೆಯೆಲ್ಲ ನಿಂತಿರುವುದೇ ಆ ಒಂದು ಗುಣದ ಮೇಲೆ. ಎದ್ದು ನಿಲ್ಲಲು, ಒಂದು ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ಜಾಗ ಕೊಟ್ಟರೆ ಮರಿ ತಡೆದುಕೊಳ್ಳಲು ಕಲಿಯುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಸೋನಾ ಮಾಡಿದ್ದನ್ನೇ ಮಾಡುತ್ತದೆ. ಅದು 48 ಇಂಚಿನ ಬಂಗಲೆಯನ್ನು ಮೊದಲ ರಾತ್ರಿಯೇ ಎರಡು ಭಾಗ ಮಾಡಿಕೊಂಡಿತು. ಪೂರ್ವಕ್ಕೆ ಮಲಗುವ ಕೋಣೆ, ಪಶ್ಚಿಮಕ್ಕೆ ಬಚ್ಚಲು. ವಾಸ್ತು ಪಂಡಿತರಿಗೆ ತೋರಿಸಿದ್ದರೆ ತಪ್ಪು ತೆಗೆಯುತ್ತಿರಲಿಲ್ಲ.

ಈ ತೊಂದರೆಗೆಂದೇ ಡಬ್ಬಿಯಲ್ಲಿ ಒಂದು ಅಡ್ಡ ಜಾಲರಿ ಇಟ್ಟು ಕಳಿಸಿರುತ್ತಾರೆ. ಮರಿ ಸಣ್ಣದಿರುವಾಗ ಅದನ್ನು ಮುಂದಕ್ಕೆ ಸಿಕ್ಕಿಸಿ ಜಾಗ ಕಿರಿದು ಮಾಡುವುದು, ಮರಿ ಬೆಳೆದ ಹಾಗೆ ಹಿಂದೆ ಸರಿಸುತ್ತ ಹೋಗುವುದು. ನಮ್ಮ ಮನೆಯಲ್ಲಿ ಆ ಅಡ್ಡ ಜಾಲರಿ ಎಲ್ಲಿ ಹೋಯಿತೆಂದು ಹುಡುಕಿದರೆ ಮಾಳಿಗೆಯ ಮೇಲೆ ಸಿಕ್ಕಿತು. ನಾಲ್ಕು ಇಟ್ಟಿಗೆಯ ಮೇಲೆ ಮಲಗಿತ್ತು. ಮೇಲೆ ಹಳೆಯ ಬಿಳಿ ಪಂಚೆ, ಪಂಚೆಯ ಮೇಲೆ ಅಕ್ಕಿ ಸಂಡಿಗೆ. “ಕೆಳಗಿಂದ ಗಾಳಿ ಆಡ್ತೈತಿ ನೋಡು, ಒಂದೇ ದಿನಕ್ಕ ಒಣಗ್ತಾವು,” ಅಂದಳು ಅಕ್ಕ. ಏಳು ಸಾವಿರದ ಚಿಲ್ಲರೆ ಕೊಟ್ಟು ತಂದ ಸಾಮಾನಿನಲ್ಲಿ ತಕ್ಷಣ ಸರಿಯಾಗಿ ಬಳಕೆಗೆ ಬಂದದ್ದು ಅದೊಂದೇ.

ಎಷ್ಟು ಹೊತ್ತು ಒಳಗಿಡಬೇಕು ಎನ್ನುವುದಕ್ಕೆ ನಾಯಿ ಸಾಕುವವರಲ್ಲಿ ಒಂದು ಒರಟು ಲೆಕ್ಕವಿದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ತಾಸು. ಮೂರು ತಿಂಗಳ ಮರಿಗೆ ನಾಲ್ಕು ತಾಸು, ಅದೂ ಮೇರೆ. ನಮ್ಮವನು ಗಂಜ್‌ಗೆ ಹೋದನೆಂದರೆ ಚೀಲ ತೂಕಕ್ಕಿಟ್ಟು, ಹಮಾಲರ ಜತೆ ಜಗಳಾಡಿ, ಲಾರಿ ತುಂಬಿಸಿ ಬರುವುದು ರಾತ್ರಿ ಒಂಬತ್ತಕ್ಕೆ. ಹನ್ನೆರಡು ತಾಸು. ಸಿಂಧನೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನವನೇ ದಾರಿಯಲ್ಲಿ ಎರಡು ಕಡೆ ನಿಲ್ಲಿಸುತ್ತಾನೆ.

ವಿಡಿಯೊ ನೋಡಿ ಕಲಿತೆ ಎಂದು ಅವನು ಹೇಳುತ್ತಿದ್ದ. ನಾನೂ ಅದೇ ವಿಡಿಯೊ ನೋಡಿದೆ. ಮೊದಲ ದಿನಗಳಲ್ಲಿ ಬಾಗಿಲು ಮುಚ್ಚಲೇಬೇಡಿ. ಒಳಗೆ ತಿನ್ನಲು ಎಸೆಯಿರಿ, ತಾನಾಗಿ ಹೋಗಲಿ, ತಾನಾಗಿ ಬರಲಿ. ಊಟವನ್ನು ಅಲ್ಲೇ ಇಡಿ. ಆಮೇಲೆ ಒಂದು ನಿಮಿಷ ಮುಚ್ಚಿ, ಎದುರೇ ಕೂತಿರಿ, ತೆಗೆಯಿರಿ. ಹೀಗೆ ವಾರಗಟ್ಟಲೆ. ತಪ್ಪು ಮಾಡಿತೆಂದು ಮಾತ್ರ ಎಂದೂ ಒಳಗೆ ನೂಕಬೇಡಿ. ಇದೆಲ್ಲ ಅದರಲ್ಲಿತ್ತು. ವಿಡಿಯೊ ಹದಿನೆಂಟು ನಿಮಿಷದ್ದು. ನಮ್ಮವನು ಕೊಂಡಿ ಹಾಕುವುದು ಹೇಗೆಂದು ತೋರಿಸುವ ನಾಲ್ಕನೇ ನಿಮಿಷಕ್ಕೇ ಫೋನು ಜೇಬಿಗಿಟ್ಟಿದ್ದ. ಸೋನಾ ಅವನ ಹೊಸ ಚಪ್ಪಲಿ ಕಡಿದ ದಿನ, “ನಡಿ ಒಳಗ!” ಎಂದು ಕುತ್ತಿಗೆ ಹಿಡಿದು ದೂಡಿದ. ಬರೀ ಕೊಂಡಿ ಸಾಲದೆಂದು ಅಂಗಡಿಯ ಹಿತ್ತಾಳೆ ಬೀಗ ತಂದು ಜಡಿದ. ಸ್ವಂತ ರೂಮು ಅಲ್ಲಿಗೆ ಪೊಲೀಸ್ ಠಾಣೆಯಾಯಿತು.

ಈ ವಿದ್ಯೆಯನ್ನು ತಪ್ಪಿಲ್ಲದೆ ಮಾಡಿ ತೋರಿಸಿದವರು ನಮ್ಮ ಕಡೆ ಇಲ್ಲವೆಂದಲ್ಲ. 2019ರ ಜುಲೈಯಲ್ಲಿ ನಮ್ಮ ರಾಜ್ಯದ ಶಾಸಕರ ಒಂದು ಹಿಂಡು ರಾಜೀನಾಮೆ ಕೊಟ್ಟು ಮುಂಬೈನ ಹೋಟೆಲ್ ಸೇರಿತಲ್ಲ, ಆಗಿನ ಮಸ್ಕಿ ಶಾಸಕರೂ ಅದರಲ್ಲಿದ್ದರು. ಮೆತ್ತನೆ ಹಾಸಿಗೆ, ಹೊತ್ತುಹೊತ್ತಿಗೆ ಊಟ, ಮೈದಡವಿ ಮಾತಾಡಿಸುವ ಜನ. ಬಾಗಿಲಿಗೆ ಬೀಗವಿರಲಿಲ್ಲ, ಆದರೂ ಯಾರೂ ಹೊರಗೆ ಬರಲಿಲ್ಲ. ಕ್ರೇಟ್ ತರಬೇತಿಯಲ್ಲಿ ಇದಕ್ಕಿಂತ ಮೇಲಿನ ಮೆಟ್ಟಿಲಿಲ್ಲ. ಆಮೇಲೆ 17 ಮಂದಿ ಅನರ್ಹರಾದದ್ದು, 2021ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಮಸ್ಕಿಯ ಜನ ಅದೇ ಮಾಜಿ ಶಾಸಕರನ್ನು ಸೋಲಿಸಿದ್ದು ಬೇರೆ ಕತೆ. ತರಬೇತಿ ಕೊಟ್ಟವರದಂತೂ ತಪ್ಪಿಲ್ಲ.

ಸೋನಾ ರಾತ್ರಿಯಿಡೀ ಊಳಿಟ್ಟಿತು. ಹಸ್ಕಿ ಬೊಗಳುವುದಕ್ಕಿಂತ ಊಳಿಡುವುದು ಹೆಚ್ಚು. ಸೈಬೀರಿಯದಲ್ಲಿ ಕೇಳಲು ಯಾರಿರುತ್ತಾರೆ? ನಮ್ಮ ಓಣಿಯಲ್ಲಿ ನಲವತ್ತು ಮನೆ. ನಾಯಿ ಅತ್ತರೆ ಯಾರದೋ ಮನೆಗೆ ಕೇಡು ಎಂದು ಮೂರನೇ ದಿನ ಹಿರಿಯರೊಬ್ಬರು ಬಂದು ಕೂತರು. ಕ್ರೇಟು ಮಾಳಿಗೆ ಹತ್ತಿತು. ಅಲ್ಲಿ ನೀರಿನ ಟಾಕಿಯ ಪಕ್ಕ ಒಂದು ತಗಡಿನ ಸೂರು. ‘ನೆರಳು ಐತಿ’ ಎಂದು ನಮ್ಮವನು ನಿಟ್ಟುಸಿರುಬಿಟ್ಟ.

ಆ ನೆರಳನ್ನು ನಾನು ಏಪ್ರಿಲ್‌ನ ಒಂದು ಮಧ್ಯಾಹ್ನ ನೋಡಿದೆ. ಸಂಡಿಗೆ ತೆಗೆಯಲು ಅಕ್ಕ ಮೇಲೆ ಹೋದವಳು ಕೂಗಿದಳು. ಹತ್ತಿ ಹೋದೆ. ತಗಡಿನ ಕೆಳಗೆ ಕಾಲಿಟ್ಟರೆ ಒಲೆಯ ಬಾಯಿ ತೆಗೆದ ಹಾಗೆ ಮುಖಕ್ಕೆ ಬಡಿಯಿತು. ಕಂಬಿಗೆ ಬೆರಳು ಮುಟ್ಟಿಸಿದೆ, ಚುರ್ ಎಂದಿತು. ನೀರಿನ ಬಟ್ಟಲು ಮಗುಚಿ ತಳದ ಪ್ಲಾಸ್ಟಿಕ್ ತಟ್ಟೆಯಲ್ಲಿ ಚೆಲ್ಲಿದ ನೀರು ಒಣಗಿ ಬಿಳಿ ಉಪ್ಪಿನ ಗೆರೆ ಉಳಿದಿತ್ತು. ಮರಿ ಗೋಡೆಗೆ ಬೆನ್ನು ಕೊಟ್ಟು, ನಾಲಿಗೆ ಬದಿಗೆ ಜೋಲಿ ಬಿಟ್ಟು, ಹೊಟ್ಟೆ ತಿದಿಯ ಹಾಗೆ ಆಡಿಸುತ್ತಿತ್ತು. ಏಕೆ ಒಂದೇ ಮೂಲೆಗೆ ಒತ್ತಿಕೊಂಡಿದೆ ಎಂದು ಬಗ್ಗಿ ನೋಡಿದರೆ ಕೊರಳಪಟ್ಟಿಯ ಹೆಸರಿನ ಬಿಲ್ಲೆ ಕಂಬಿಗಳ ನಡುವೆ ಸಿಕ್ಕಿಕೊಂಡಿದೆ. ಜಗ್ಗಿದಷ್ಟೂ ಪಟ್ಟಿ ಬಿಗಿ. ಬೀಗದ ಕೈ ಗಂಜ್‌ನಲ್ಲಿ. ಅಕ್ಕ ಬಳೆ ಮೇಲೇರಿಸಿ, ಕಂಬಿಯ ಸಂದಿಯಲ್ಲಿ ಎರಡು ಬೆರಳು ತೂರಿಸಿ, ನಾಯಿಯ ಗಂಟಲು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಪಟ್ಟಿಯ ಬಕಲು ಬಿಚ್ಚಿದಳು. ಬಿಲ್ಲೆ ಕಂಬಿಗೇ ನೇತಾಡುತ್ತ ಉಳಿಯಿತು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಸ್ನೋ’ ಎಂದು ಕೊರೆದಿತ್ತು. ಬೀಗವನ್ನು ನಾನು ಟಾಕಿಯ ಹತ್ತಿರದ ಕಲ್ಲಿನಿಂದ ಒಡೆದೆ.

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಅಂಗಾಲಲ್ಲಿ ಅಷ್ಟಿಷ್ಟು, ಉಳಿದದ್ದೆಲ್ಲ ತೇಕಿಯೇ ಹೊರಗೆ ಹಾಕಬೇಕು. ಅದರ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41ರ ಹತ್ತಿರ ಹೋಯಿತೆಂದರೆ ಪ್ರಾಣಕ್ಕೆ ಸಂಚಕಾರ. ಸುತ್ತಲಿನ ಗಾಳಿಯೇ 42 ಇದ್ದಾಗ ತೇಕಿ ಹೊರಗೆ ಹಾಕುವುದು ಎಲ್ಲಿಗೆ? ದನದ ದವಾಖಾನೆಯ ಡಾಕ್ಟರು ಒದ್ದೆ ಗೋಣಿಚೀಲದ ಮೇಲೆ ಮಲಗಿಸಿ, ಹೊಟ್ಟೆಗೆ, ತೊಡೆಸಂದಿಗೆ ನೀರು ಸುರಿದು, ಫ್ಯಾನು ಹಾಕಿಸಿ ಬದುಕಿಸಿದರು. ಕೊನೆಗೆ ಕನ್ನಡಕ ಒರೆಸುತ್ತ, “ಕೊರಳಪಟ್ಟಿ ತೆಗೆದು ಒಳಗೆ ಬಿಡಬೇಕು ಅಂತ ಯಾರೂ ಹೇಳಿರಲಿಲ್ಲೇನ್ರಿ?” ಅಂದರು. ಹೇಳಿದ್ದರು, ಆ ವಿಡಿಯೊದ ಹನ್ನೊಂದನೇ ನಿಮಿಷದಲ್ಲಿ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಸ್ವೀಡನ್ನು, ಫಿನ್‌ಲೆಂಡು ಹಸ್ಕಿಗೆ ಮೈಗೊಪ್ಪುವ ಚಳಿ ನಾಡುಗಳು. ಅಲ್ಲಿ ನಾಯಿಯನ್ನು ಮನೆಯಲ್ಲಿ ಬಾಗಿಲು ಹಾಕಿದ ಕ್ರೇಟಿನಲ್ಲಿ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಸಾಗಿಸುವಾಗ, ಪ್ರದರ್ಶನಗಳಿಗೆ ಒಯ್ದಾಗ ಸರಿ. ಹಿಮದ ದೇಶದವರು ಬೇಡವೆಂದದ್ದನ್ನು ಬೆಂಕಿಯ ದೇಶದವರು ತಗಡಿನ ಕೆಳಗಿಟ್ಟು ಬೀಗ ಹಾಕಿದೆವು.

ನಮ್ಮಲ್ಲೂ ಕಾನೂನು ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು ಬಹಳ ಕರುಣೆಯಿಂದ ಬರೆದದ್ದು. ಪ್ರಾಣಿ ಮೈಯಾಡಿಸಲು ಸಾಲದಷ್ಟು ಸಣ್ಣ ಪಂಜರದಲ್ಲಿಡುವುದು ತಪ್ಪು. ಮೋಟು ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ತಪ್ಪು. ಸದಾ ಕೂಡಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದೂ ತಪ್ಪು. ಅರವತ್ತು ವರ್ಷದ ಹಿಂದೆಯೇ ನಾಯಿಯ ಮನಸ್ಸು ಹೊಕ್ಕು ಬರೆದ ಹಾಗಿದೆ. ದಂಡ ಎಷ್ಟೆಂದರೆ, ಮೊದಲ ಸಲಕ್ಕೆ ಹತ್ತು ರೂಪಾಯಿಗೆ ಕಡಿಮೆಯಿಲ್ಲ, ಐವತ್ತು ರೂಪಾಯಿಗೆ ಹೆಚ್ಚಿಲ್ಲ. ಸಿಂಧನೂರು ಬಸ್ ನಿಲ್ದಾಣದ ಎದುರು ಒಗ್ಗರಣಿ, ಮಿರ್ಚಿ ತಿಂದು ಚಾ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಸಾವಿರಗಟ್ಟಲೆ ಕೊಟ್ಟು ಪಂಜರ ತಂದವನಿಗೆ ಐವತ್ತು ರೂಪಾಯಿಯ ಹೆದರಿಕೆ. ಪಾರ್ಸಲ್ ಖರ್ಚು ಎಂದು ಬರೆದುಕೊಂಡರೆ ಆಯಿತು.

ಬೀಗರು ಲಿಂಗಸುಗೂರಿನವರು. ಅಳಿಯನ ಮನೆಗೆ ಕ್ರೇಟು ಬಂತೆಂದು ತಿಳಿದ ಮೇಲೆ ಅವರಿಗೆ ನಿದ್ದೆ ಹತ್ತಲಿಲ್ಲ. ಅವರದು ಜರ್ಮನ್ ಶೆಫರ್ಡು, ವಯಸ್ಸು ಎಂಟು ತಿಂಗಳು. ಪಾರ್ಸಲ್ಲಿನ ಮಾಲು ತೆಳು, ಅದೆಲ್ಲ ನಮಗೆ ಸರಿಹೋಗದು ಎಂದು ಊರಿನ ವೆಲ್ಡಿಂಗ್ ಅಂಗಡಿಗೇ ಹೋದರು. ನಾನೂ ಜತೆಗಿದ್ದೆ. ಲಿಂಗಸುಗೂರು ಎಂದರೆ ಬ್ರಿಟಿಷರ ಕಾಲದಲ್ಲಿ ಹೈದರಾಬಾದ್ ಪಡೆಯ ದಂಡು ಬೀಡುಬಿಟ್ಟಿದ್ದ ಊರು. ಛಾವಣಿ ಎಂಬ ಮಾತು ಇನ್ನೂ ಜನರ ಬಾಯಲ್ಲಿದೆ. ದಂಡಿನ ಸಾಹೇಬರ ಕಾಲದ ಗತ್ತು ಬೀಗರ ಮೀಸೆಯಲ್ಲಿ ಉಳಿದಿದೆ.

ವೆಲ್ಡಿಂಗಿನವನು ಕಿಟಕಿಯ ಗ್ರಿಲ್ಲು ಬೆಸೆಯುತ್ತಿದ್ದ. ಕರಿ ಕನ್ನಡಕ ಹಣೆಗೇರಿಸಿ ಕೇಳಿದ: “ನಾಯಿ ಅಳತಿ ಹೇಳ್ರಿ ಸಾಹುಕಾರ್ರ.”

“ನಾಯಿ ಅಳತಿ ಯಾಕ? ನಮ್ಮ ಗಾಡಿ ಡಿಕ್ಕಿ ಅಳತಿ ಹಿಡಿ. ಅದರಾಗ ಕುಂದರಬೇಕು.”

“ಡಿಕ್ಕಿಯೊಳಗ ಪೆಟಗಿ ಕುಂದರ್ತೈತ್ರಿ. ಪೆಟಗಿಯೊಳಗ ನಾಯಿ ಕುಂದರಬೇಕಲ್ರಿ?”

ವಿಮಾನದಲ್ಲಿ ಪ್ರಾಣಿ ಸಾಗಿಸಲು ಐಎಟಿಎ ಎಂಬ ಜಾಗತಿಕ ಸಂಸ್ಥೆಯ ನಿಯಮವಿದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು, ಅದಕ್ಕೆ ಮುಂಗಾಲಿನ ಮೊಣಕೈ ಎತ್ತರದ ಅರ್ಧ ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿ, ಯಾವುದು ಮೇಲೋ ಅಲ್ಲಿಯವರೆಗೆ ಎತ್ತರ, ಜತೆಗೆ ಹಾಸಿಗೆಯ ದಪ್ಪ. ಇದನ್ನು ನಾನು ಹೇಳಿದಾಗ ವೆಲ್ಡಿಂಗಿನವನು ತಲೆಯಾಡಿಸಿ ಟೇಪು ಎಳೆದ. ಶೆಫರ್ಡು ಟೇಪಿನ ತುದಿ ಕಚ್ಚಿತು. ಅವನು ಬಿಡಿಸಿಕೊಂಡು, ಕಿಸೆಯಲ್ಲಿದ್ದ ಬಿಸ್ಕತ್ತು ಒಡೆದು ಕೊಟ್ಟು, ಅದು ತಿನ್ನುವಷ್ಟರಲ್ಲಿ ಮೂರೂ ಅಳತೆ ಹಿಡಿದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಆ ದಿನ ನಾನು ಕಂಡ ನಾಯಿ ತರಬೇತಿ ಅಷ್ಟೇ.

“ನಾಲ್ಕು ಇಂಚು ಹೆಚ್ಚಿಗಿ ಇಡ್ತೀನ್ರಿ. ನಾಯಿ ಬೆಳೀತೈತಿ, ಕಬ್ಬಿಣ ಬೆಳಿಯೂದಿಲ್ಲ.”

ಬೀಗರು ಒಪ್ಪಲಿಲ್ಲ. ಡಿಕ್ಕಿಯ ಅಳತೆಯೇ ಗೆದ್ದಿತು. ಇಂಚಿನ ಚೌಕ ಪೈಪು, ಹತ್ತು ಎಂಎಂ ಸರಳು, ತಳಕ್ಕೆ ದಪ್ಪ ತಗಡು. ಚಿರತೆ ಹಿಡಿಯಲು ಅರಣ್ಯ ಇಲಾಖೆಯವರು ಇಡುವ ಬೋನು ಇದರ ಮುಂದೆ ಬಿದಿರಿನ ಬುಟ್ಟಿ. ಎತ್ತಲು ನಾಲ್ಕು ಜನ ಬೇಕಾಯಿತು. ಒಳಮೈಯಲ್ಲಿ ಬೆಸುಗೆಯ ಮುಳ್ಳು ಹಾಗೇ ಉಳಿದಿದ್ದವು. ಉಜ್ಜಿ ನಯ ಮಾಡುತ್ತೇನೆಂದರೆ ಬೀಗರಿಗೆ ಪುರುಸೊತ್ತಿಲ್ಲ. ಮೇಲೆ ಬಂಗಾರ ಬಣ್ಣ ಬಳಿಸಿದರು. ನಾಯಿ ಮಾರನೆಯ ದಿನದಿಂದಲೇ ಅದನ್ನು ನೆಕ್ಕಿ ನೆಕ್ಕಿ ಕಬ್ಬಿಣ ತೋರಿಸಿತು.

ಡಿಕ್ಕಿಯೊಳಗೆ ಅದೇನೋ ಹೊಕ್ಕಿತು. ಡಿಕ್ಕಿಯ ಬಾಗಿಲು ಮುಚ್ಚಲಿಲ್ಲ, ಕೊಂಡಿ ಎರಡಿಂಚು ಹೊರಗೆ ಬಂದಿತ್ತು. ಈಗ ಆ ಬಂಗಾರದ ಪೆಟ್ಟಿಗೆ ಅವರ ಅಂಗಳದಲ್ಲಿದೆ. ನಾಯಿ ಅದರಲ್ಲಿ ನಿಂತರೆ ತಲೆ ಬಗ್ಗಿಸಬೇಕು. ಬೀಗರ ಮುಂದೆ ಊರಲ್ಲಿ ಬಹಳ ಮಂದಿ ಹಾಗೇ ನಿಲ್ಲುವುದರಿಂದ ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಆ ಬೀಗರ ಚಿಕ್ಕಪ್ಪನ ಮಗ ಇದೇ ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವವರು. ಗಣಿಯ ಬಾವಿಯೊಳಗೆ ಕೆಲಸಗಾರರನ್ನು ಇಳಿಸುವ ಕಬ್ಬಿಣದ ಪೆಟ್ಟಿಗೆಯನ್ನು ಅಲ್ಲಿ ‘ಕೇಜ್’ ಎಂದೇ ಕರೆಯುತ್ತಾರೆ. ಪಂಜರ ನೋಡಿ ಅವರು ನಕ್ಕರು. “ನಾವು ದಿನಾ ಕೇಜಿನ್ಯಾಗ ಹೋಗ್ತೀವ್ರಿ. ಆದರ ಗಂಟಿ ಹೊಡದ್ರ ಮ್ಯಾಲ ಎಳಕೊಳ್ಳಾವ ಒಬ್ಬ ಇರ್ತಾನ. ಪಾಳಿ ಮುಗದ್ರ ಮನಿಗೆ ಹೋಗ್ತೀವಿ. ಇದರ ಪಾಳಿ ಎಷ್ಟ ತಾಸಿಂದು?” ಯಾರೂ ಉತ್ತರ ಕೊಡಲಿಲ್ಲ. ಚಹಾ ಬಂತು.

ಪೆಟ್ಟಿಗೆಯನ್ನು ಸರಿಯಾಗಿ ಬಳಸಿದ ಸರ್ಕಾರಿ ಸಂಸ್ಥೆ ಒಂದಿದೆ, ಹೇಳದಿದ್ದರೆ ಪಾಪ ಬರುತ್ತದೆ. ರೈಲ್ವೆಯವರು ಮುಂಚಿನಿಂದಲೂ ಗಾರ್ಡಿನ ಡಬ್ಬಿಯಲ್ಲಿ ನಾಯಿ ಪೆಟ್ಟಿಗೆ ಇಟ್ಟುಕೊಂಡು ಬಂದಿದ್ದಾರೆ. ದೊಡ್ಡ ಸಾಹೇಬರ ನಾಯಿ ಫಸ್ಟ್ ಕ್ಲಾಸ್ ಕೂಪೆಯಲ್ಲಿ, ಉಳಿದವರದ್ದು ಪೆಟ್ಟಿಗೆಯಲ್ಲಿ. ವರ್ಗವ್ಯವಸ್ಥೆಯಲ್ಲಿ ಮಾತ್ರ ರಾಜಿಯಿಲ್ಲ. ಆದರೂ ಅಲ್ಲಿ ಒಂದು ಮರ್ಯಾದೆ ಇದೆ: ಊರು ಬಂದರೆ ಬಾಗಿಲು ತೆಗೆಯುತ್ತಾರೆ. ಸಿಂಧನೂರಿಗೆ ರೈಲು ಬಂದದ್ದೇ 2024ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ರೈಲು ಬರುತ್ತದೆ, ಬರುತ್ತದೆ ಎಂಬ ಮಾತಿನ ಪೆಟ್ಟಿಗೆಯಲ್ಲಿ ನಾವೇ ಕೂತಿದ್ದೆವು.

ಈಗ ಬೀದಿ ನಾಯಿಗಳ ಸರದಿ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಎಂದಿತು. ಹನ್ನೊಂದು ದಿನಕ್ಕೆ, ಚುಚ್ಚುಮದ್ದು ಕೊಟ್ಟು ಸಂತಾನಹರಣ ಮಾಡಿ ಹಿಡಿದಲ್ಲೇ ಬಿಡಿ, ಹುಚ್ಚು ಹಿಡಿದವನ್ನೂ ಕಚ್ಚುವವನ್ನೂ ಮಾತ್ರ ಬಿಡಬೇಡಿ ಎಂದು ತಿದ್ದಿತು. ನವೆಂಬರ್ 7ರಂದು ಇಡೀ ದೇಶಕ್ಕೆ ಅನ್ವಯಿಸಿ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ಹಿಡಿದೊಯ್ಯಿರಿ, ಮತ್ತೆ ಅಲ್ಲಿಗೇ ತಂದು ಬಿಡಬೇಡಿ ಎಂದಿತು. ಶಾಲೆಗೆ ಹೋಗುವ ಮಗುವನ್ನು ನಾಯಿ ಕಚ್ಚಿದ ಮನೆಯ ನೋವು ಸಣ್ಣದಲ್ಲ, ಅದರ ಮೇಲೆ ನಗುವವನು ನಾನಲ್ಲ. ನನಗೆ ನಗು ಬಂದದ್ದು ನಮ್ಮ ಹುಡುಗ ಪೇಪರು ಮಡಚಿಟ್ಟು ಆಡಿದ ಮಾತಿಗೆ. “ಪಾಪ ಮಾವ, ಅಷ್ಟೆಲ್ಲಾ ನಾಯಿಗಳನ್ನ ಕೂಡಿ ಹಾಕೂದು ಅಂದ್ರ ಹಿಂಸಾ ಅಲ್ಲೇನು?” ಆಗ ಅವನ ಜೇಬಿನಲ್ಲಿ, ಒಡೆದ ಬೀಗದ ಬದಲಿಗೆ ತಂದ ಹೊಸ ಹಿತ್ತಾಳೆ ಬೀಗದ ಕೈ ಸದ್ದು ಮಾಡುತ್ತಿತ್ತು.

ಈ ನಡುವೆ ನಾನೂ ಹುಡುಗನೂ ಮಸ್ಕಿಗೆ ಒಂದು ಮದುವೆಗೆ ಹೋದೆವು. ದಾರಿಯಲ್ಲಿ ಜೋಳ ಕೊಯ್ದ ಹೊಲವೊಂದರಲ್ಲಿ ಕುರಿ ತರುಬಿದ್ದರು. ಗೊಬ್ಬರಕ್ಕೆಂದು ಹೊಲದವರು ಕುರಿಗಾರರನ್ನು ಕರೆದು ರಾತ್ರಿ ನಿಲ್ಲಿಸಿಕೊಳ್ಳುವುದು ಈ ಸೀಮೆಯ ಹಳೆಯ ವ್ಯವಹಾರ. ಸುತ್ತ ಗೂಟ ನೆಟ್ಟು ಬಲೆ ಕಟ್ಟಿದ್ದರು. ಮರಿಗಳು ಬುಟ್ಟಿಯ ಕೆಳಗೆ. ಕಂಬಳಿ ಹೊದ್ದ ಹಿರಿಯರು ಬೀಡಿ ಹಚ್ಚಿ ಕೂತಿದ್ದರು. ನೀರು ಕೇಳಿ ಕುಡಿದು ಮಾತಿಗೆ ಮಾತು ಬಂದು ನಮ್ಮ ಹುಡುಗ ತನ್ನ ಕ್ರೇಟಿನ ಫೋಟೊ ತೋರಿಸಿದ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ನಮ್ಮಲ್ಲಿ ಕುರಿ ಒಳಗ, ನಾಯಿ ಹೊರಗ ಇರ್ತಾವಪಾ. ನಿಮ್ಮಲ್ಲಿ ನಾಯಿ ಒಳಗ ಅಂದ್ರ, ಹೊರಗ ಕಾಯೋರು ಯಾರು?”

“ಸಿಸಿ ಕ್ಯಾಮೆರಾ ಐತಲ್ಲ ಅಜ್ಜಾ.”

“ಅದು ಬೊಗಳ್ತೈತೇನು?”

ಬಲೆಯ ಹೊರಗೆ ಮಣ್ಣಿನ ಬಣ್ಣದ ನಾಯಿಯೊಂದು ಮಲಗಿತ್ತು. ಕೊರಳಲ್ಲಿ ಪಟ್ಟಿಯಿಲ್ಲ, ಬಿಲ್ಲೆಯಿಲ್ಲ. ನಮ್ಮ ಕಾರಿನ ಬಾಗಿಲ ಸದ್ದಿಗೆ ಒಂದು ಕಿವಿ ಎತ್ತಿ ನೋಡಿ, ಇವರು ಕುರಿ ಕದಿಯುವ ಪೈಕಿ ಅಲ್ಲ ಎಂದು ತೀರ್ಮಾನಿಸಿ, ಕಿವಿ ಇಳಿಸಿತು.

ಮಸ್ಕಿಯಲ್ಲಿ ಮದುವೆ ಊಟವಾದ ಮೇಲೆ ಗುಡ್ಡದ ಕಡೆ ಹೋದೆವು. 1915ರಲ್ಲಿ ಬಂಗಾರ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಇಲ್ಲಿ ಸಿಕ್ಕಿದ್ದು ಅಶೋಕನ ಶಾಸನ. ಅದುವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಈ ಬಂಡೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬುದು ಅದರ ಸಾರ. ಎಷ್ಟು ಇಂಚಿನವರಿಗೆ ಎಂದು ಬರೆದಿಲ್ಲ.

ಉತ್ತರದ ಕಂಬಗಳ ಮೇಲೆ ಅದೇ ಅಶೋಕ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊರೆಸಿದ್ದಾನೆ. ಗಿಳಿ, ಗೊರವಂಕ, ಬಾವಲಿ, ಆಮೆ ಎಂದು ಸಾಗುವ ಆ ಪಟ್ಟಿಯಲ್ಲಿ ಒಂದು ಬಾಬತ್ತು ಹೀಗಿದೆ: ಉಪಯೋಗಕ್ಕೂ ಬಾರದ, ತಿನ್ನಲಿಕ್ಕೂ ಬಾರದ ನಾಲ್ಕು ಕಾಲಿನ ಎಲ್ಲ ಪ್ರಾಣಿಗಳು. ಇದನ್ನು ನಮ್ಮ ಹುಡುಗನಿಗೆ ಹೇಳಿದೆ. ಸಿಂಧನೂರಿನ ಹಸ್ಕಿಗೆ ಎರಡು ಸಾವಿರದ ಮುನ್ನೂರು ವರ್ಷ ಮೊದಲೇ ಜಾಮೀನು ಸಿಕ್ಕಿದೆ. ಅದೇ ಶಾಸನದ ಕೊನೆಗೆ, ಪಟ್ಟಕ್ಕೆ ಬಂದು 26 ವರ್ಷವಾಗುವುದರೊಳಗೆ 25 ಸಲ ಸೆರೆಯಾಳುಗಳನ್ನು ಬಿಡುಗಡೆ ಮಾಡಿದೆ ಎಂದೂ ಹೇಳಿಕೊಂಡಿದ್ದಾನೆ. “ನಾಯಿ ಬಂದು ಮೂರು ತಿಂಗಳಾತು, ಎಷ್ಟ ಸಲ ಬಿಟ್ಟಿ?” ಎಂದೆ. ಅವನು ಬಂಡೆಯ ಮುಂದೆ ಸೆಲ್ಫಿ ತೆಗೆಯುತ್ತಿದ್ದ, ಕೇಳಿಸಲಿಲ್ಲ.

ನಾವು ಹೀಗೆ ಅಶೋಕನ ಜತೆ ಮಾತಾಡುತ್ತಿದ್ದಾಗ ಮನೆಯಲ್ಲಿ ಅಕ್ಕ ತನ್ನ ಶಾಸನ ಜಾರಿ ಮಾಡಿದ್ದಳು. ಅವಳ ತವರು, ಅಂದರೆ ನಮ್ಮ ಮನೆ, ಮೈಲಾರಲಿಂಗನ ಒಕ್ಕಲು. ಕರಿ ಕಂಬಳಿ ಹೊದ್ದ ಗೊರವಯ್ಯಗಳು ಮನೆಗೆ ಬಂದರೆ ದೋಣಿಯಲ್ಲಿ ಹಾಲು, ಬಾಳೆಹಣ್ಣು ಹಾಕಬೇಕು. ಅವರು ದೇವರ ನಾಯಿಗಳಾಗಿ ಬೊಗಳುತ್ತ ಬಾಯಿ ಹಾಕಿ ತಿನ್ನುವುದನ್ನು ನೋಡಿ ಬೆಳೆದವರು ನಾವು. “ನಾಯಿಗೆ ಕೀಲಿ ಹಾಕಿದ ಮನ್ಯಾಗ ಮೈಲಾರ ನಿಲ್ಲೂದಿಲ್ಲ,” ಎಂದು ಅವಳು ಕಂಬಿ ಪಂಜರವನ್ನು ಮಾಳಿಗೆಯಿಂದ ಇಳಿಸಿ ಮೆಟ್ಟಿಲ ಕೆಳಗೆ, ನೀರಿನ ಗಡಿಗೆಗಳ ಪಕ್ಕ ಇಟ್ಟಿದ್ದಳು. ಮನೆಯಲ್ಲೆಲ್ಲ ತಂಪಿನ ಜಾಗ ಅದೊಂದೇ. ತಳಕ್ಕೆ ಒದ್ದೆ ಗೋಣಿಚೀಲ. ಬಾಗಿಲು ಹಾಕದಂತೆ ಕಸಬರಿಗೆ ಅಡ್ಡ. ಒಳಗೊಂದು ತುಂಡು ರೊಟ್ಟಿ. ನಾವು ಬಂದಾಗ ಸೋನಾ ಅದರೊಳಗೆ ನಾಲ್ಕು ಕಾಲು ಮೇಲೆ ಮಾಡಿ ಮಲಗಿತ್ತು. ಯಾರೂ ನೂಕಿರಲಿಲ್ಲ. ಅಕ್ಕ ಯಾವ ವಿಡಿಯೊವನ್ನೂ ನೋಡಿದವಳಲ್ಲ.

ನಮ್ಮವನು ಹಿಗ್ಗಿಹೋದ. “ನೋಡಿದ್ಯಾ ಮಾವ! ಟ್ರೇನಿಂಗ್ ಹತ್ತಿತು.” ಮೆಲ್ಲಗೆ ಕಸಬರಿಗೆ ಸರಿಸಿ, ಬಾಗಿಲು ಹಾಕಿ, ಕೊಂಡಿ ಸಿಕ್ಕಿಸಿದ. ಟಣ್ ಎಂದಿತು. ಸೋನಾ ಎದ್ದು ನಿಂತಿತು. ಮೂತಿಯನ್ನು ಕೊಂಡಿಯ ಕೆಳಗೆ ಕೊಟ್ಟು ಒಂದು ಸಲ ಎತ್ತಿತು, ಎರಡನೇ ಸಲ ಎತ್ತಿತು, ಕೊಂಡಿ ಬಿಚ್ಚಿಕೊಂಡಿತು. ಹಸ್ಕಿಗಳು ಪಂಜರ ಒಡೆದು ಓಡುವುದರಲ್ಲಿ ಹೆಸರುವಾಸಿ ಎಂದು ಮಾರುವವರು ಹೇಳುವುದಿಲ್ಲ. ಕೊಂಡಿ ಗಟ್ಟಿಯಿಲ್ಲ, ಕಂಪನಿ ಮೇಲೆ ಕೇಸು ಹಾಕುತ್ತೇನೆಂದು ನಮ್ಮವನು ಕುಣಿದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ ಇವನು ಇಷ್ಟು ಕುಣಿದಿರಲಿಲ್ಲ. ಅವತ್ತು ಹೋದದ್ದು ಎಡದಂಡೆಯ ಎಲ್ಲರ ನೀರು.

ಅವನ ಹೊಸ ಬೀಗವನ್ನು ಅಕ್ಕ ಕಿತ್ತುಕೊಂಡಳು. ಈಗ ಅವಳದು ಅಂತ ಒಂದು ಕಪಾಟಿದೆ, ಅದಕ್ಕೆ ಆ ಬೀಗ ಜಡಿದಿದ್ದಾಳೆ. ಕೈ ಸೊಂಟದಲ್ಲಿರುತ್ತದೆ.

ಹೋದ ವಾರ ನಾನು ಗಂಜ್‌ನಲ್ಲಿ ಅವನ ಅಂಗಡಿಯಲ್ಲಿ ಕೂತಿದ್ದೆ. ಮೆಟ್ಟಿಲ ಕೆಳಗೆ ಹೊಸದಾಗಿ ಹಾಕಿಸಿದ ಕ್ಯಾಮೆರಾವನ್ನು ಫೋನಿನಲ್ಲಿ ತೆಗೆದು ನೋಡಿದವನು ಎದ್ದು ನಿಂತ. ಪಂಜರದ ಬಾಗಿಲು ಹಾಕಿದೆ, ಒಳಗೆ ಬೆಳ್ಳಗೆ ಏನೋ ರಾಶಿ, ನಾಯಿ ಕಾಣುತ್ತಿಲ್ಲ. ಕೈ ನಡುಗುತ್ತ ಮನೆಗೆ ಫೋನು ಹಚ್ಚಿದ.

“ಅವ್ವಾ, ಸೋನಾ ಎಲ್ಲಿ?”

ಆ ಕಡೆಯಿಂದ ಅಕ್ಕನ ದನಿ ಚೀಲಗಳ ಆಚೆ ಕೂತ ನನಗೂ ಕೇಳಿಸಿತು.

“ಹೊರಗ ಹೊರಸಿನ ಮ್ಯಾಲ ಮಲಗೇತಿ. ಸಂಡಿಗಿ ಒಳಗ ಇಟ್ಟು ಬಾಗಲಾ ಹಾಕೀನಿ. ಮಂಗ್ಯಾ ಬರಾಕ ಹತ್ಯಾವಲ್ಲ. ನೀ ಫೋನ್ ಇಡು, ಅದಕ್ಕ ಎಚ್ಚರ ಆಗ್ತೈತಿ.”